ಜಿಗಣೆಗಳು ಓಣಿಗಿಳಿದ ಬೆಳಗ್ಗೆ

"ಬಿಡ್ರಿ ಮೇಡಮ್ಮಾರ, ಇನ್ನ್ಯಾಕ ತಡ!" ಎಂದ ದಾವಲಸಾಬ. ಡಾ. ವಿಶಾಲಾಕ್ಷಿ ಗುಂಡಿ ಒತ್ತಿದಳು. ಅವಳೇ ರೂಪಿಸಿದ, ಕಿರುಬೆರಳುದ್ದದ ನಲವತ್ತು ರಬ್ಬರ್ ಯಂತ್ರ-ಜಿಗಣೆಗಳು ನೀರಿನ ಜೊತೆ ಕೊಳವೆಯೊಳಗೆ ನುಗ್ಗಿದವು.

ಅದು 2061. ಬೆಟಗೇರಿಯ ಬಣಗಾರ ಓಣಿಗೆ ಆಗಲೂ ಎಂಟು ದಿನಕ್ಕೊಮ್ಮೆ ನಳ ಬರುತ್ತಿತ್ತು. ಬಂದ ನೀರಿನಲ್ಲಿ ಅರ್ಧ ಮಣ್ಣಿನ ಪಾಲು. ನಳ ರಿಪೇರಿಯಲ್ಲೇ ತಲೆ ನರೆತ ದಾವಲಸಾಬನ ಮನೆ ಓಣಿಯ ಏರಿನ ತುದಿಯಲ್ಲಿತ್ತು. ಅಲ್ಲಿಯವರೆಗೆ ನೀರು ಹತ್ತಿದ್ದೇ ಇಲ್ಲ. ಊರಿಗೆಲ್ಲ ನಳ ಕೂಡಿಸುವವನ ಹೆಂಡತಿ ಮುಮ್ತಾಜ್ ಪಕ್ಕದ ಓಣಿಯಿಂದ ಕೊಡ ಹೊರುತ್ತಿದ್ದಳು. ನಗರಸಭೆಯ ಷರತ್ತು ಇಷ್ಟೇ: ಇವತ್ತು ಮಧ್ಯಾಹ್ನದೊಳಗೆ ಅವನ ಮನೆಗೆ ನೀರು ಹತ್ತಿದರೆ ಓಣಿಗೆ ದಿನವಿಡೀ ನೀರು. ಹತ್ತದಿದ್ದರೆ ಜಿಗಣೆಗಳು ಪೆಟ್ಟಿಗೆಗೆ, ಓಣಿ ಮತ್ತೆ ಎಂಟು ದಿನದ ಪಾಳಿಗೆ.

ನೀರು ಬಿರುಕಿನಿಂದ ಹೊರಚಿಮ್ಮುವಾಗ ನಮ್ಮ ಕಿವಿಗೆ ಕೇಳದಷ್ಟು ಸಣ್ಣ ಸೀಟಿ ಹೊರಡುತ್ತದೆ. ಜಿಗಣೆ ಅದನ್ನು ಕೇಳಿಸಿಕೊಂಡು ಅಲ್ಲಿಗೆ ಅಂಟುತ್ತದೆ. ಅರ್ಧ ಗಂಟೆಯಾದರೂ ಹರಿವು ನಿಲ್ಲದಿದ್ದರೆ ಅದು ಸೋರಿಕೆಯೇ ಎಂದು ತೀರ್ಮಾನಿಸಿ ಅಂಟು ಸುರಿಸಿ ಮುಚ್ಚುತ್ತದೆ.

ಅರ್ಧ ಗಂಟೆ ಕಳೆಯುತ್ತಲೇ ಪರದೆಯ ಮೇಲೆ ಸೋರಿಕೆ ತೋರಿಸುವ ಕೆಂಪು ಚುಕ್ಕಿಗಳು ಒಂದೊಂದೇ ಹಸಿರಾದವು. ಎಂಟು, ಹನ್ನೊಂದು, ಹದಿನೇಳು! "ಅಬ್ಬಬ್ಬಾ, ನೆಲಾ ಅಗೀಲಾರದ ಇಷ್ಟು ಕೆಲಸಾ!" ಎಂದು ದಾವಲಸಾಬ ನಿಂತಲ್ಲೇ ಕುಣಿದ. ತಾನಾಗಿದ್ದರೆ ಆರು ತಿಂಗಳು ರಸ್ತೆ ಅಗೆಯಬೇಕಿತ್ತು.

ಅಷ್ಟರಲ್ಲಿ ಓಣಿಯ ಕೆಳಮನೆಯ ನೀಲವ್ವ ಖಾಲಿ ಕೊಡ ಹಿಡಿದು ಓಡಿ ಬಂದಳು. "ಕಾಕಾ, ನಮ್ಮ ನಳ ಗಕ್ಕನೆ ನಿಂತೈತಿ!" ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ನೋಡನೋಡುತ್ತ ಓಣಿಗೆ ಓಣಿಯೇ ಬಂದು ನಿಂತಿತು. ವಿಶಾಲಾಕ್ಷಿ ಗಾಬರಿಯಾಗಿ ಪಂಪು ನಿಲ್ಲಿಸಿದಳು. "ಪ್ರಯೋಗಾಲಯದಲ್ಲಿ ಒಂದು ಸಲವೂ ಹೀಗಾಗಿರಲಿಲ್ಲ," ಎಂದಳು.

ದಾವಲಸಾಬ ನೀಲವ್ವನ ಮನೆಗೆ ಹೋಗಿ ನೋಡಿದ. ನಳ ಪೂರ್ತಿ ತೆರೆದಿತ್ತು. ಓಡಿ ಬಂದು ಹಣೆ ಚಚ್ಚಿಕೊಂಡ. "ಮೇಡಮ್ಮಾರ, ನಮ್ಮ ಓಣ್ಯಾಗ ನಳಾ ಯಾರೂ ಬಂದ್ ಮಾಡಂಗಿಲ್ರಿ! ರಾತ್ರಿ ತೆರೆದಿಟ್ಟು ಕೆಳಗ ಬಕೀಟ ಇಡ್ತೀವಿ, ನೀರು ಬಿದ್ದ ಸಪ್ಪಳಕ್ಕ ಏಳ್ತೀವಿ. ಬಂತಂದ್ರ ನಿಲ್ಲೂತನಕಾ ತುಂಬೂದ. ನಿಮ್ಮ ಜಿಗಣಿ ನಮ್ಮ ನಳಾನೂ ಸೋರಿಕಿ ಅಂತ ತಿಳದೈತ್ರಿ!"

ವಿಶಾಲಾಕ್ಷಿ ಪರದೆಯತ್ತ ತಿರುಗಿದಳು. "ನಳಗಳಿಗೆ ಹಾಕಿದ ಅಂಟನ್ನು ಇಲ್ಲಿಂದಲೇ ಕರಗಿಸುತ್ತೇನೆ. ಆದರೆ ಎಲ್ಲರೂ ನಳ ಬಂದ್ ಮಾಡಿ, ಬೇಕಾದಾಗಷ್ಟೇ ತಿರುಗಿಸಬೇಕು. ಮಾಡುತ್ತಾರೆಯೇ?"

ಯಾರೂ ಒಪ್ಪಲಿಲ್ಲ. "ಬಂದ್ ಮಾಡಿದ್ರ ನೀರು ಬಂದದ್ದು ಹೆಂಗ ಗೊತ್ತಾಗಬೇಕು? ಮೊದಲ ನಿನ್ನ ಮನೀದು ಬಂದ್ ಮಾಡು ಕಾಕಾ," ಎಂದಳು ನೀಲವ್ವ.

ಎಲ್ಲರೂ ಏರು ಹತ್ತಿ ಅವನ ಮನೆಯ ನಳದ ಮುಂದೆ ನಿಂತರು. ಮುಮ್ತಾಜ್ ಗಂಡನ ಮುಖ ನೋಡಿದಳು. ಎಂದೂ ನೀರು ಕಾಣದ ನಳ, ಆದರೂ ತಿರುಗಿಸುವಾಗ ಅವಳ ಕೈ ಹಿಂಜರಿಯಿತು. ಕೊನೆಗೆ ಗಟ್ಟಿಯಾಗಿ ತಿರುವಿದಳು. ಅವಳನ್ನು ನೋಡಿ ನೀಲವ್ವ, ನೀಲವ್ವನನ್ನು ನೋಡಿ ಉಳಿದವರು ತಮ್ಮ ನಳ ಬಂದ್ ಮಾಡಿ ಬಂದರು. ವಿಶಾಲಾಕ್ಷಿ ನಳಗಳ ಅಂಟು ಕರಗಿಸಿದಳು, ಪಂಪು ಮತ್ತೆ ಗುರುಗುಟ್ಟಿತು. ಪರದೆಯ ಮೇಲೆ ಒತ್ತಡದ ಮುಳ್ಳು ಏರಿತು, ಇನ್ನೂ ಏರಿತು. ದಾವಲಸಾಬ ಕೊಳವೆಗೆ ಕಿವಿ ಹಚ್ಚಿ ಕುಳಿತಿದ್ದ. "ತೆರಿ! ಈಗ ತೆರಿ!" ಎಂದು ಮುಮ್ತಾಜ್‌ಗೆ ಕಿರುಚಿದ.

ನಳ ಗಾಳಿ ಕೆಮ್ಮಿತು, ತುಕ್ಕು ಉಗುಳಿತು, ಆಮೇಲೆ ಕೈಗಾತ್ರದ ಧಾರೆ ಧಬಧಬನೆ ಬಿತ್ತು. ಓಣಿಯೆಲ್ಲ ಕೇಕೆ. ವಿಶಾಲಾಕ್ಷಿ ನೀಲವ್ವನನ್ನು ಅಪ್ಪಿಕೊಂಡೇಬಿಟ್ಟಳು. ಮುಮ್ತಾಜ್ ಧಾರೆಗೆ ಕೈಯೊಡ್ಡಿ ನಕ್ಕಳು, ಅತ್ತಳು, ಆಮೇಲೆ ಕೇಳಿದಳು: "ಇಷ್ಟು ವರ್ಷ ನಮ್ಮ ಪಾಲಿನ ನೀರು ಎಲ್ಲಿ ಸೋರತಿತ್ರಿ?"

ಪರದೆ ಅದನ್ನೂ ತೋರಿಸಿತ್ತು. ಸುಳ್ಳು ಹೇಳಲು ದಾವಲಸಾಬನಿಗೆ ಬಾಯಿ ಬರಲಿಲ್ಲ.

"ಬೇವಿನ ಗಿಡದ ಬುಡದಾಗ. ಎರಡು ಸಾವಿರದ ಇಪ್ಪತ್ತಾರರಾಗ ಈ ಲೈನ್ ಹಾಕಿದಾಗ ಆ ಜಾಯಿಂಟ್ ಬಿಗದಾಂವ ನಾನ. ಸಂಜಿ ಆಗಿತ್ತು. 'ಸಾಕ್ ಬಿಡೋ, ಮಣ್ಣ ಮುಚ್ಚು' ಅಂದ್ರು ಕಾಂಟ್ರ್ಯಾಕ್ಟರ್. ಮುಚ್ಚಿ ಮನಿಗೆ ಹೋದೆ. ಇನ್ನೆರಡು ಸುತ್ತು ತಿರುವಿದ್ರ ಸಾಕಾಗಿತ್ತು."

"ಎರಡು ಸುತ್ತೇನ್ರಿ?" ಎಂದಳು ಮುಮ್ತಾಜ್, ಮೂವತ್ತೈದು ವರ್ಷ ಕೊಡ ಹೊತ್ತ ಸೊಂಟದ ಮೇಲೆ ಕೈಯಿಟ್ಟು.