ರಾಣಿಬಾವಿಯ ಕಡತ

ಕಡತ ಬಿಚ್ಚಿದ ಗೀತಾಂಜಲಿಯ ಕೈ ಅಲ್ಲೇ ನಿಂತುಬಿಟ್ಟಿತು. ಬರಹವಿರಬೇಕಾದ ಎರಡು ಮಡಿಕೆಗಳಲ್ಲಿ ಒಂದಕ್ಷರವೂ ಇರಲಿಲ್ಲ.

೨೦೦೨ರ ಫೆಬ್ರವರಿ, ಭಾನುವಾರ ಬೆಳಗಿನ ಹತ್ತು ಗಂಟೆ. ಹೊನ್ನಾವರ ಪೇಟೆಯ ಆ ವಾಚನಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾಲೇಜಿನ ಅತಿಥಿ ಉಪನ್ಯಾಸಕಿ ಗೀತಾಂಜಲಿಗೆ ಗೇರುಸೊಪ್ಪೆಯ ಒಂದು ಮನೆಯ ಅಟ್ಟದಲ್ಲಿ ಇನ್ನೂರು ವರ್ಷದ ಕಡತ ಸಿಕ್ಕಿದೆ, ಘಟ್ಟದ ದಾರಿಯ ರಾಣಿಬಾವಿಯ ನಿಜಸಂಗತಿ ಅದರಲ್ಲಿದೆ ಎಂದು ಊರೆಲ್ಲ ಸುದ್ದಿಯಾಗಿತ್ತು. ಇವತ್ತು ಅವಳು ಅದನ್ನು ಸಭೆಯೆದುರು ಓದುವವಳಿದ್ದಳು. ಕಡತವೆಂದರೆ ಈಗಿನ ಕಚೇರಿಯ ಫೈಲಲ್ಲ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಮಸಿ ಬಳಿದು, ಒಣಗಿಸಿ ಮಡಚಿಟ್ಟ ಕರಿ ಪುಸ್ತಕ. ಹಿಂದಿನವರು ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು.

"ನಿನ್ನೆ ಮಧ್ಯಾಹ್ನ ನಾನೇ ಇಲ್ಲಿಯ ಕಪಾಟಿನಲ್ಲಿ ಇಟ್ಟದ್ದು! ಆಗ ಅಕ್ಷರ ಇತ್ತು," ಎಂದಳು ಗೀತಾಂಜಲಿ.

"ಇದ್ದ ಅಕ್ಷರ ಎಲ್ಲಿಗೆ ಹೋಗ್ತದೆ? ಹಾರಿ ಹೋಗೂಕೆ ಅದೆಂತ ಗುಬ್ಬಿಯಾ?" ಎಂದ, ಅದೇ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಸಂಜಯ. ಜನ ಘೊಳ್ಳೆಂದು ನಕ್ಕರು. "ಹೆಸರು ಮಾಡೂಕೆ ಹುಟ್ಟಿಸಿದ ಸುಳ್ಳು," ಎಂದು ಹಿಂದಿನಿಂದ ಯಾರೋ ಕೂಗಿದರು. ಗೀತಾಂಜಲಿಯ ಮುಖ ಕಪ್ಪಿಟ್ಟಿತು. ತಾನು ಓದಿದ್ದನ್ನು ಅವಳು ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದಳು, ನಿಜ. ಆದರೆ ಮೂಲವೇ ಬರಿದಾದ ಮೇಲೆ ಅದನ್ನು ಯಾರು ನಂಬುತ್ತಾರೆ?

ಅಧ್ಯಕ್ಷರ ಕುರ್ಚಿಯಲ್ಲಿದ್ದ ವೆಂಕಟ್ರಮಣ ಮಾಸ್ತರು ಏನೋ ಹೇಳಲು ಕೈಯೆತ್ತಿದರು, ಗದ್ದಲದಲ್ಲಿ ಯಾರೂ ಗಮನಿಸಲಿಲ್ಲ. ಊರಿನ ಚರಿತ್ರೆ ಎಂದರೆ ಅವರೇ. ಹನ್ನೊಂದು ಪುಸ್ತಕ ಬರೆದವರು. ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆಯುತ್ತಿದ್ದ ಗೇರುಸೊಪ್ಪೆಯ ರಾಣಿಯೇ ಆ ಬಾವಿ ತೋಡಿಸಿದಳೆಂದು ಬರೆದು ಹೆಸರಾದವರು.

ಬಾಗಿಲ ಬಳಿ ಚಾದ ಕೆಟಲ್ ಹಿಡಿದು ನಿಂತಿದ್ದ ಮಾಬ್ಲನ ಕಿವಿ ನೆಟ್ಟಗಾಯಿತು. ಅಷ್ಟರಲ್ಲಿ ನಾಲ್ಕು ಜನ ಒಟ್ಟಿಗೇ, "ಶೇಟ್ರನ್ನ ಕರೀರಿ!" ಎಂದರು. ನೋಡಿ, ಇದಕ್ಕೇ ಮಾಬ್ಲನಿಗೆ ಮೈ ಉರಿಯುವುದು. ಗಡಿಯಾರ ರಿಪೇರಿ ಮಾಡುವ ವಿಶ್ವನಾಥ ಶೇಟರ ಅಂಗಡಿ, ಮಾಬ್ಲನ ಚಾದಂಗಡಿ ಒಂದೇ ಗೋಡೆಯವು. ಪೇಟೆಯಲ್ಲಿ ಎಂತ ಕಳೆದರೂ ಜನ ಬರುವುದು ಶೇಟರಲ್ಲಿಗೆ. ಸುದ್ದಿಯೆಲ್ಲ ತರುವವ ಮಾಬ್ಲ, ಹಿಂದೆ ಮುಂದೆ ಓಡುವವ ಮಾಬ್ಲ, ಶಭಾಸ್‌ಗಿರಿ ಮಾತ್ರ ಶೇಟರಿಗೆ! ಇವತ್ತು ತಾನೇ ಮೊದಲು ಹಿಡಿಯದಿದ್ದರೆ ತನ್ನ ಹೆಸರು ಮಾಬ್ಲನೇ ಅಲ್ಲ ಎಂದುಕೊಂಡ.

ಶೇಟರು ಮುಂದೆ ಬಂದು, ಗಡಿಯಾರ ನೋಡುವ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿ, ಕಡತದ ಮೇಲೆ ಬಗ್ಗಿದರು. ಮಾಬ್ಲನೂ ಹಿಂದೆಯೇ ಬಂದು ಇಣುಕಿದ.

"ಇಲ್ಲಿ ನೋಡು ಮಾಬ್ಲಾ. ಉಳಿದ ಮಡಿಕೆ ಎಲ್ಲ ಬೂದು. ಈ ಎರಡು ಮಾತ್ರ ಹೊಸ ಬಾಣಲೆ ಕಂಡಾಂಗೆ ಕಪ್ಪು."

"ಹೌದು. ಮತ್ತೆ ಈ ಸಂದಿಯಲ್ಲಿ ಎಂತದು, ಹಸಿರು?"

ಶೇಟರು ಮೂಸಿ ನೋಡಿದರು. ಕಪಾಟಿನ ಕೀಲಿ ಯಾರ ಬಳಿ ಎಂದು ಕೇಳಿದರು. ಒಂದು ಮಾಸ್ತರ ಬಳಿ, ಇನ್ನೊಂದು ವಾಚನಾಲಯ ನೋಡಿಕೊಳ್ಳುವ ಪಾಂಡುವಿನ ಬಳಿ. ಶನಿವಾರ ಸಂಜೆ ಸಂಜಯನೂ ಕಡತ ನೋಡಲು ಬಂದಿದ್ದ.

"ಐದು ನಿಮಿಷ ಮೇಲಿನ ಮಡಿಕೆ ಮಾತ್ರ ನೋಡಿದ್ರು, ನಾ ಎದುರಿಗೇ ನಿಂತಿದ್ದೆ. ಆಗ ಅಕ್ಷರ ಇತ್ತು ಕಾಣ್ತದೆ," ಎಂದ ಪಾಂಡು, ತಲೆ ತಗ್ಗಿಸಿ.

ಗ್ಲಾಸು ತೊಳೆಯುವ ನೆಪದಲ್ಲಿ ಮಾಬ್ಲ ಹೊರಗೆ ಬಂದು ಸುತ್ತಲೂ ಕಣ್ಣಾಡಿಸಿದ. ಬೇಲಿಯ ತೊಂಡೆ ಬಳ್ಳಿಯಲ್ಲಿ ಕೈಗೆಟಕುವ ಎಲೆಗಳೆಲ್ಲ ಹರಿದಿದ್ದವು. ಬಾಗಿಲಲ್ಲಿ ಪಾಂಡು ದಿನಾ ಸುದ್ದಿ ಬರೆಯುವ ಕರಿಹಲಗೆ ಮಿರಮಿರ ಮಿಂಚುತ್ತಿತ್ತು. ಮಾಬ್ಲನಿಗೆ ಥಟ್ಟನೆ ಹೊಳೆಯಿತು. ತೊಂಡೆ ಸೊಪ್ಪು! ಸಣ್ಣವನಿದ್ದಾಗ ಶಾಲೆಯಲ್ಲಿ ಸ್ಲೇಟಿಗೆ ಅದನ್ನೇ ತಿಕ್ಕಿ ಕಪ್ಪು ಮಾಡುತ್ತಿದ್ದರಲ್ಲ! ಶೇಟರಿಗೆ ಹೇಳದೆ ಸೀದಾ ವೇದಿಕೆಗೆ ನುಗ್ಗಿದ.

"ಕಡತಕ್ಕೆ ತೊಂಡೆ ಸೊಪ್ಪು ತಿಕ್ಕಿದ್ದಾರೆ! ಮೂವತ್ತು ವರ್ಷ ಮಕ್ಕಳ ಹತ್ರ ಸ್ಲೇಟ್ ತಿಕ್ಕಿಸಿದವ್ರು ಯಾರು? ಕೀಲಿ ಯಾರ ಹತ್ರ ಇತ್ತು? ಅದ್ರಲ್ಲಿ ಇದ್ದದ್ದು ಹೊರಗೆ ಬಂದ್ರೆ ಯಾರ ಪುಸ್ತಕ ಸುಳ್ಳಾಗ್ತಿತ್ತು? ಮಾಸ್ತ್ರೆ, ನೀವೇ!"

ತಲೆಗಳೆಲ್ಲ ಅಧ್ಯಕ್ಷರ ಕುರ್ಚಿಯ ಕಡೆ ತಿರುಗಿದವು. ಮಾಸ್ತರು ಕೋಪಿಸಿಕೊಳ್ಳಲಿಲ್ಲ. ಜೇಬಿನಿಂದ ಒಂದು ಹಾಳೆ ತೆಗೆದು ಶೇಟರ ಕೈಗೆ ಕೊಟ್ಟರು. "ಇವತ್ತಿನ ನನ್ನ ಭಾಷಣ. ಓದಿ."

ಶೇಟರು ಓದಿದರು: "ನನ್ನ ಪುಸ್ತಕ ತಪ್ಪು. ಗೀತಾಂಜಲಿ ನನಗೆ ಕಡತ ತೋರಿಸಿದಳು. ಆ ಬಾವಿ ತೋಡಿಸಿದ್ದು ರಾಣಿಯಲ್ಲ. ಇನ್ನು ನನ್ನ ಪುಸ್ತಕ, ಪತ್ರಗಳೆಲ್ಲ ಅವಳ ವಶಕ್ಕೆ. ನನ್ನ ಕೆಲಸಕ್ಕೆ ಬೇರೆ ವಾರಸುದಾರರು ಯಾರೂ ಇಲ್ಲ."

ಮಾಬ್ಲನಿಗೆ ನೆಲ ಬಿರಿಯಬಾರದೇ ಎನಿಸಿತು. ಸಂಜಯನ ನಗುವೂ ಇಂಗಿತು.

"ಮಾಬ್ಲ ಮುಕ್ಕಾಲು ದಾರಿ ಸರಿಯಾಗೇ ಬಂದ," ಎಂದರು ಶೇಟರು. ಎಲ್ಲರನ್ನೂ ಕೂರಿಸಿ, ಬಾಗಿಲು ಮುಂದೆ ಮಾಡಿಸಿದರು. "ಹಾಳು ಮಾಡೂಕೇ ಬಂದವ ಒದ್ದೆ ಬಟ್ಟೆಯಲ್ಲಿ ಒರೆಸಿ ಓಡ್ತಿದ್ದ. ಸಂಜಯ ಮಾಡಿದ್ರೆ ಹಾಂಗೇ ಮಾಡ್ತಿದ್ದ. ಇಲ್ಲಿ ಹಾಂಗಲ್ಲ. ಒರೆಸಿ, ಮತ್ತೆ ಸೊಪ್ಪು ತಿಕ್ಕಿ, ಅಂಚು ಅಂಚಿಗೂ ಕಪ್ಪು ತಂದಿದ್ದಾನೆ. ಅಳಿಸಿದ ಮೇಲೆ ಬೂದು ಬಿಡೂದು ಅವನ ಕೈಗೆ ಗೊತ್ತೇ ಇಲ್ಲ. ಮಾಸ್ತ್ರು ಶಾಲೆ ಬಿಟ್ಟು ಹತ್ತು ವರ್ಷ ಆತು. ಈಗಲೂ ವಾರ ವಾರ ಹಲಗೆಗೆ ತೊಂಡೆ ಸೊಪ್ಪು ತಿಕ್ಕೂದು ಯಾರು?"

ಶೇಟರು ಕೈಯಲ್ಲಿದ್ದ ಭಾಷಣದ ಹಾಳೆಯನ್ನು ಬೆಳಕಿಗೆ ಹಿಡಿದರು.

"ಮಾಸ್ತ್ರೆ, ಈ ಹಾಳೆಯ ಅಕ್ಷರ ಮುತ್ತಿನಂಗೆ ಇದೆ. ನಿಮ್ಮ ಕೈ ನಡುಗ್ತದೆ. ಯಾರು ಬರೆದದ್ದು?"

"ಪಾಂಡು. ನನ್ನದೆಲ್ಲ ಅವನೇ ಅಲ್ದಾ ನಕಲು ಮಾಡೂದು? ನಿನ್ನೆ ಕತ್ತಲಾಗೂ ಹೊತ್ತಿಗೆ ತಂದುಕೊಟ್ಟ."

"ಅಂದ್ರೆ, ವಾರಸುದಾರರು ಯಾರೂ ಇಲ್ಲ ಅನ್ನೂದನ್ನ ನಿನ್ನೆಯೇ ಓದಿದವ ಒಬ್ಬನೇ. ಓದಿದ್ದಷ್ಟೇ ಅಲ್ಲ, ತನ್ನ ಕೈಯಾರೆ ಬರೆದವ. ಕೀಲಿ ಅವನ ಸೊಂಟದಲ್ಲಿತ್ತು. ಹೌದನಾ ಪಾಂಡು?"

ಪಾಂಡು ಗೋಡೆಗೆ ಒರಗಿದ. ಐವತ್ತು ದಾಟಿದ ಗಂಡಸು ಎಲ್ಲರೆದುರು ಅತ್ತ.

"ಇಪ್ಪತ್ತೈದು ವರ್ಷ ಮಾಸ್ತ್ರೆ! ಹನ್ನೊಂದು ಪುಸ್ತಕವೂ ಈ ಕೈಯಲ್ಲೇ ನಕಲು ಆದದ್ದು. ಶಾಸನ ಹುಡುಕೂಕೆ ನಿಮ್ಮ ಸಂಗಡ ಗುಡ್ಡ ಗುಡ್ಡ ಹತ್ತಿದೆ. ಅವಳು ಬಂದು ಮೂರು ತಿಂಗಳು ಆಗ್ಲಿಲ್ಲ. ಅವಳನ್ನ ಮಗಳೇ ಅಂದ್ರಿ. ನನ್ನ ಹೊಟ್ಟೆ ಧಗಧಗ ಉರೀತು. ಅವಳ ಮೇಲೆ ಸುಳ್ಳಿ ಅನ್ನೂ ಹೆಸರು ಬಂದ್ರೆ ನೀವು ದೂರ ಮಾಡ್ತ್ರಿ ಅಂದ್ಕಂಡೆ."

ಮಾಬ್ಲ ಆ ಮುಖವನ್ನು ನೋಡಲಾರದೆ ಬೇರೆ ಕಡೆ ತಿರುಗಿದ. ಅಲ್ಲಿ ಆಡುತ್ತಿದ್ದದ್ದು ತನ್ನದೇ ಹೊಟ್ಟೆಕಿಚ್ಚಿನ ಮಾತು ಎಂದು ಅವನಿಗೆ ನಾಚಿಕೆಯಾಯಿತು.

"ಇನ್ನೊಂದು ಕೇಳೂದಿದೆ," ಎಂದರು ಶೇಟರು ಮೆಲ್ಲಗೆ. "ಇಪ್ಪತ್ತೈದು ವರ್ಷ ನಕಲು ಮಾಡಿದ ಕೈ ನಿನ್ನದು. ನಕಲು ತೆಗೀದೆ ಅಳಿಸೂಕೆ ಆ ಕೈಗೆ ಮನಸ್ಸು ಬಂತನಾ?"

ಪಾಂಡು ಅಂಗಿಯ ಒಳಗಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದ.

ಶೇಟರು ಅದನ್ನು ಗೀತಾಂಜಲಿಯ ನೋಟುಬುಕ್ಕಿನ ಪಕ್ಕದಲ್ಲಿಟ್ಟು, ಸಂಜಯನನ್ನೇ ಕರೆದು ತಾಳೆ ನೋಡಲು ಹೇಳಿದರು. ಅವಳ ನೋಟುಬುಕ್ಕನ್ನು ಪಾಂಡು ಕಂಡವನಲ್ಲ, ಅವನ ನಕಲನ್ನು ಅವಳು ಕಂಡವಳಲ್ಲ. ಸಂಜಯ ಬೆರಳಿಟ್ಟು ಸಾಲು ಸಾಲಾಗಿ ನೋಡಿದ. "ಒಂದೇ ಇದೆ. ಅವರು ಹೇಳಿದ್ದು ನಿಜ," ಎಂದ. ಆ ಮಾತು ಅವನ ಬಾಯಿಂದ ಕಷ್ಟಪಟ್ಟು ಹೊರಟಿತು.

"ಪೊಲೀಸ್ರಿಗೆ ಹೇಳೂದಾ?" ಎಂದು ಮಾಸ್ತರು ಕೇಳಿದರು.

"ಬೇಡ," ಎಂದಳು ಗೀತಾಂಜಲಿ. ಸಿಟ್ಟಿನ್ನೂ ಇಳಿದಿರಲಿಲ್ಲ. "ನನ್ನನ್ನ ಸುಳ್ಳಿ ಅಂದ ಜನ ಎಲ್ಲ ಇಲ್ಲೇ ಇದ್ದಾರೆ. ಪಾಂಡಣ್ಣ ಅದನ್ನ ಗಟ್ಟಿಯಾಗಿ ಓದಲಿ."

ಪಾಂಡು ಮೈಕಿನ ಮುಂದೆ ನಿಂತು ಓದಿದ. ಆ ಬಾವಿಯನ್ನು ರಾಣಿಯೂ ತೋಡಿಸಲಿಲ್ಲ, ಅರಸನೂ ತೋಡಿಸಲಿಲ್ಲ. ಘಟ್ಟದ ಮೇಲಿಂದ ಮೆಣಸಿನ ಹೊರೆ ಹೊತ್ತು ಇಳಿಯುವ ನಾಗಿ ಎಂಬಾಕೆಯ ಬಸುರಿ ಮಗಳು ದಾರಿಯಲ್ಲಿ ನೀರಿಲ್ಲದೆ ಸತ್ತಳು. ನಾಗಿ ಸಂಗಡದ ಹೊರೆಯ ಹೆಂಗಸರನ್ನು ಕೂಡಿಕೊಂಡು ಎರಡು ಬೇಸಿಗೆ ತೋಡಿ ನೀರು ಕಂಡಳು. ಕೆಲಸ ಮಾಡಿದವರ ಹೆಸರು ಕೊನೆಗಿತ್ತು. ಮಾಸ್ತಿ, ಶನಿಯಾರಿ, ಬೊಮ್ಮಿ ಎನ್ನುತ್ತ ಹದಿನಾಲ್ಕು ಹೆಸರು. ಕಲ್ಲು ಹೊತ್ತವಳನ್ನೂ ಗಂಜಿ ಕಾಸಿದವಳನ್ನೂ ಬರೆದವ ಬಿಟ್ಟಿರಲಿಲ್ಲ.

ಓದು ಮುಗಿದಾಗ ಮಾಸ್ತರು ಎದ್ದು ನಿಂತರು. "ಗಂಜಿ ಕಾಸಿದವಳ ಹೆಸರನ್ನೂ ಬರೆದಿಟ್ಟಿದ್ದಾನೆ ಆ ಪುಣ್ಯಾತ್ಮ. ನಾನು ಹನ್ನೊಂದು ಪುಸ್ತಕ ಬರೆದೆ. ಒಂದರಲ್ಲೂ ನಿನ್ನ ಹೆಸರು ಹಾಕಲಿಲ್ಲ, ಪಾಂಡು."

ಪಾಂಡು ಗೀತಾಂಜಲಿಯ ಮುಂದೆ ಹೋಗಿ ಕೈ ಮುಗಿದ. ಅವಳು ಅವನ ಕೈಯಿಂದ ಆ ನಕಲನ್ನು ತೆಗೆದುಕೊಂಡಳು.

"ನಿಮ್ಮ ಹೆಸರು ನಾನು ಬರೆಯುವ ಪುಸ್ತಕದಲ್ಲಿ ಬರ್ತದೆ, ಪಾಂಡಣ್ಣ," ಎಂದಳು. "ನಕಲು ಮಾಡಿ ಉಳಿಸಿದವ ಅಂತನೂ ಬರ್ತದೆ. ಅಳಿಸಿದವ ಅಂತನೂ ಬರ್ತದೆ."