ಗೋವಿನಕೋವಿ ತಿರುವಿನ ಕಂಬ

"ಏನ್ರೀ, ನನ್ನ ಕೊಲ್ಲಾಕೆ ಬಂದೀರೇನು?"

ನ್ಯಾಮತಿ ಟೆಲಿಫೋನ್ ಎಕ್ಸ್‌ಚೇಂಜಿನ ಬಾಗಿಲಲ್ಲಿ ಲೈನ್‌ಮನ್ ತಿಪ್ಪೇಶಪ್ಪ ಬೆರಳು ಉಜ್ಜಿಕೊಳ್ಳುತ್ತ ನಿಂತಿದ್ದ. ಅವನು ಕಂಬದ ಮೇಲೆ ತಂತಿ ಹಿಡಿದಿದ್ದಾಗಲೇ ಹೊಸ ಆಪರೇಟರ್ ಸಾವಂತ್ರಮ್ಮ ಫೋನಿನ ಗಂಟೆ ಬಾರಿಸುವ ಹಿಡಿಕೆ ತಿರುಗಿಸಿ, ಆ ತಂತಿಯಲ್ಲೇ ಶಾಕ್ ಕೊಟ್ಟಿದ್ದಳು. ಅದು 1981, ಅವಳ ಕೆಲಸದ ಮೊದಲ ದಿನ.

ಅವಳ ಕಣ್ಣು ತುಂಬಿದ್ದು ನೋಡಿ ಅವನ ಸಿಟ್ಟು ಜರ್ರನೆ ಇಳಿಯಿತು.

"ಅಳಬ್ಯಾಡ್ರಿ... ಬೆರಳು ಜುಮ್ ಅಂತು, ಅಷ್ಟೆ."

ಚನ್ನಗಿರಿಯಿಂದ ಒಬ್ಬಳೇ ಬಂದು ಬಾಡಿಗೆ ಕೋಣೆಯಲ್ಲಿದ್ದವಳು. ದಿನವಿಡೀ ಊರಿನವರ ಮಾತು ಸೇರಿಸುವವಳಿಗೆ ಫೋನ್ ಮಾಡುವವರು ಒಬ್ಬರೂ ಇರಲಿಲ್ಲ ನೋಡಿ! ಅವನೊಬ್ಬ ಮಾತ್ರ ಲೈನ್ ಸರಿಮಾಡಿದ ಮೇಲೆ ತಂತಿಗೆ ತನ್ನ ಪರೀಕ್ಷೆಯ ಫೋನು ಸಿಕ್ಕಿಸಿ ಕಂಬದಿಂದಲೇ ಕೇಳುತ್ತಿದ್ದ, "ಕೇಳ್ತೈತೇನ್ರಿ? ಊಟ ಆಯ್ತಾ?"

ಆ ಎರಡು ಮಾತಿಗಾಗಿ ಅವಳು ಇಡೀ ದಿನ ಕಾಯುತ್ತಿದ್ದಳು.

ಆಮೇಲೆ ಅದೂ ನಿಂತಿತು. ಲೈನ್ ಸರಿಯಾದ ಸುದ್ದಿಯನ್ನು ಬೇರೆಯವರ ಕೈಲಿ ಹೇಳಿಕಳಿಸಿದ. ಚಹಾಕ್ಕೆ ಒಳಗೆ ಬರಲಿಲ್ಲ. ಜಗಳೂರಿಗೆ ವರ್ಗ ಬೇಡಿದ್ದಾನೆಂದೂ ಕಿವಿಗೆ ಬಿತ್ತು.

'ನಾನೇನು ಮಾಡಿದೆ...?' ಒಂದೊಂದಕ್ಕೂ ಒಂದೊಂದು ಕಾರಣ ಹುಡುಕಿ, ಒಂದೊಂದಕ್ಕೂ ಬೇರೆ ಬೇರೆಯಾಗಿ ಅತ್ತಳು.

ಒಂದು ಮಧ್ಯಾಹ್ನ ಬೋರ್ಡಿನಲ್ಲಿ ಕರೆ ಬಂದರೆ ಬೀಳುವ ಬಿಲ್ಲೆಗಳು ಐದು ಫೋನುಗಳವು ಒಟ್ಟಿಗೇ ಪಟಪಟನೆ ಬಿದ್ದವು. ಅಕ್ಕಿ ಗಿರಣಿ, ಸೊಸೈಟಿ, ಆಸ್ಪತ್ರೆ... ಕಿವಿಗಿಟ್ಟರೆ ಎಲ್ಲೂ ಬರೀ ಗೊರಗೊರ.

ಐದು ಕಡೆ ಒಟ್ಟಿಗೆ ಕೆಡುವುದುಂಟೆ? ಐದೂ ತಂತಿ ಹಾಯುವುದು ಗೋವಿನಕೋವಿ ತಿರುವಿನ ಕಂಬದ ಮೇಲೆ! ಮನೆಮನೆ ಅಲೆಯಬೇಡಿ, ಅಲ್ಲೇ ನೋಡಿ ಎಂದು ತಿಪ್ಪೇಶಪ್ಪನಿಗೆ ಹೇಳಿಕಳಿಸಿದಳು.

ಐದೂ ಲೈನ್ ಪರೀಕ್ಷಿಸಬೇಕಿತ್ತಲ್ಲ, ಈ ಸಲ ಕಂಬದಿಂದ ಅವನೇ ಮಾತಾಡಬೇಕಾಯಿತು.

"ಜಾಲಿ ಕೊಂಬೆ ಬಿದ್ದಿತ್ತು, ತೆಗೆದೆ. ಐದೂ ಸರಿಯಾದವು ನೋಡ್ರಿ."

"ಫೋನ್ ಇಡಬ್ಯಾಡ್ರಿ," ಎಂದಳು ಅವಳು. "ಮಾತು ಬಿಟ್ರಿ, ಚಹಾ ಬಿಟ್ರಿ, ಊರೂ ಬಿಡ್ತೀರಂತೆ. ಇವಕ್ಕೂ ಕಾರಣ ಒಂದೇ ಇರಬೇಕಲ್ಲ. ಏನದು?"

ಅವನು ದನಿ ತಗ್ಗಿಸಿದ.

"ಬಸವಾಪಟ್ಟಣದೋರು ನಿಮ್ಮನ್ನ ನೋಡಾಕೆ ಬಂದಿದ್ರಂತೆ..."

"ಬಂದ್ರು. ಉಪ್ಪಿಟ್ಟು ತಿಂದ್ರು. ನಾನು ಒಲ್ಲೆ ಅಂದೆ."

"ಯಾಕ್ರೀ?"

"ಊಟ ಆಯ್ತಾ ಅಂತ ಕೇಳೋರು ಇಲ್ಲೇ ಅದಾರೆ ಅಂತ. ನನಗೆ ನೀವೇ ಬೇಕು."

"ಏನಂದ್ರಿ? ಸರಿಯಾಗಿ ಕೇಳಿಸ್ಲಿಲ್ಲ..."

ಲೈನ್ ಚೊಕ್ಕವಾಗಿಯೇ ಇತ್ತು. ಕಳ್ಳ!

"ಕೇಳಿಸೈತೆ," ಎಂದಳು ಕಣ್ಣೊರೆಸಿಕೊಂಡು. "ಕಂಬ ಇಳಿದು ಬರ್ರಿ. ನಂದಿನ್ನೂ ಊಟ ಆಗಿಲ್ಲ."