ಏಳನೇ ಮಂಚಕ್ಕೆ ಬಾರದ ವೆಂಟಿಲೇಟರ್

ಮಾರ್ಚ್ ಹತ್ತು, ಮಂಗಳವಾರ, ಬೆಳಿಗ್ಗೆ 8.40. ಪನಾಯ್ ದ್ವೀಪದ ಸಾನ್ ರೊಮೆರೋ ಠಾಣೆಗೆ ಇಸಿದೋರೋ ಪಾಲಬ್ರಿಕಾ ಎಂಬ ಬಲೆ ಹೆಣೆಯುವ ಮುದುಕ ದೂರು ಕೊಡಲು ಬಂದ. ಹೆಂಡತಿ ಕೊರಾಲಿಯಾ ತೀರಿ ಹನ್ನೊಂದು ದಿನವಾಗಿತ್ತು. ಅಂಗಿಯ ಮೇಲೆ ಸೂತಕದ ಕಪ್ಪು ಪಟ್ಟಿ ಇತ್ತು.

"ನ್ಯುಮೋನಿಯಾ ಸಾರ್. ಮೂತ್ರಪಿಂಡ ನಿಂತಿದೆ, ವೆಂಟಿಲೇಟರ್ ಕೊಟ್ರೂ ಉಳಿಯಲ್ಲ ಅಂದ್ರು ಡಾಕ್ಟರು. ದಿನಾ ಮೂತ್ರ ಅಳೀತಿದ್ದವನು ನಾನು. ನಿಂತಿರಲಿಲ್ಲ."

"ಬರೆದಿಟ್ಟಿದ್ದೀರಾ, ಮನೋಂಗ್?" ಇನ್‌ಸ್ಪೆಕ್ಟರ್ ಗುಂಬನ್ ಊರ ಹಿರಿಯರನ್ನು ಕರೆಯುವ ಮರ್ಯಾದೆಯಲ್ಲೇ ಕೇಳಿದರು.

ಮುದುಕ ಬಿಸ್ಕತ್ ಡಬ್ಬಿಯ ರಟ್ಟೊಂದನ್ನು ಮೇಜಿನ ಮೇಲಿಟ್ಟ. ಸರಕಾರಿ ಆಸ್ಪತ್ರೆಯಲ್ಲಿ ರೋಗಿಯ ಕಾವಲಿಗೆ ಕೂತ ಮನೆಯವರೇ ಅಳೆದು, ಬರೆದು, ಮಂಚಕ್ಕೆ ತೂಗುಹಾಕುವ ರಟ್ಟು ಅದು. ಫೆಬ್ರವರಿ ಇಪ್ಪತ್ತನಾಲ್ಕರ ಬೆಳಿಗ್ಗೆ, ಗಂಟೆಗೆ ನಲವತ್ತೈದು ಮಿಲಿ.

"ವೆಂಟಿಲೇಟರ್ ಇಲ್ಲದೆ ಉಸಿರು?"

"ಕೈಯಲ್ಲಿ ಒತ್ತಿದ್ವಿ, ರಬ್ಬರ್ ಚೀಲ. ನಾನು, ಐದು ಮಕ್ಕಳು. ಮೂರು ದಿನ." ಮುದುಕ ರಟ್ಟನ್ನು ಗುಂಬನ್ ಅವರತ್ತ ಸರಿಸಿದ. "ಶುಕ್ರವಾರ ಮಧ್ಯಾಹ್ನ ನನ್ನ ಸರದೀಲೇ ಹೋದಳು. ಕೈ ಸೋತಿತ್ತು ಸಾರ್. ಕೊಂದವನು ನಾನೇನಾ? ಅದನ್ನ ತಿಳಿದು ಹೇಳಿ."

ಗುಂಬನ್ ದೂರನ್ನು ಪುಸ್ತಕಕ್ಕೆ ಹತ್ತಿಸಿ ಹೆಬ್ಬೆಟ್ಟು ತೆಗೆದುಕೊಂಡರು.

11.15ಕ್ಕೆ ಗುಂಬನ್, ಕಾನ್‌ಸ್ಟೇಬಲ್ ದೆಲ್ಫಿನಾ ಇಬ್ಬರೂ ಆಸ್ಪತ್ರೆಗೆ ಹೋದರು. ಇಬ್ಬರು ಸಾಕ್ಷಿಗಳ ಎದುರು ಪಂಚನಾಮೆ ಮಾಡಿ, ವೆಂಟಿಲೇಟರ್ ಯಾರಿಗೆಂದು ತೀರ್ಮಾನಿಸುವ ಅಂಕಪಟ್ಟಿಯನ್ನು ವಶಪಡಿಸಿಕೊಂಡರು. ವಯಸ್ಸು, ರಕ್ತದೊತ್ತಡ, ಮೂತ್ರಪಿಂಡ, ಪ್ರಜ್ಞೆ, ಒಂದೊಂದಕ್ಕೂ ಅಂಕ. ಯಾರ ಅಂಕ ಕಡಿಮೆಯೋ ಅವರು ಉಳಿಯುವ ಸಂಭವ ಹೆಚ್ಚೆಂದು ವೆಂಟಿಲೇಟರ್ ಅವರಿಗೆ. ಏಳನೇ ಮಂಚದ ಕೊರಾಲಿಯಾಳ ಸಾಲಿನಲ್ಲಿ ಮೂತ್ರ ಗಂಟೆಗೆ ಐದು ಮಿಲಿ ಎಂದಿತ್ತು; ಅದರಿಂದ ಅವಳ ಅಂಕ ಏರಿತ್ತು.

"ರೋಗಿಯನ್ನ ನೋಡಲಿಲ್ವಾ?" ಎಂದು ಗುಂಬನ್ ಪಟ್ಟಿಗೆ ಸಹಿ ಹಾಕಿದ್ದ ಡಾಕ್ಟರ್ ವಿಲ್ಯಾರುಸ್ ಅವರನ್ನು ಕೇಳಿದರು.

"ನಲವತ್ತೆಂಟು ರೋಗಿಗಳು, ನಾನೊಬ್ಬ. ಒಂದು ವೆಂಟಿಲೇಟರ್ ಖಾಲಿಯಾಯ್ತು, ಬೇಕಾದವರು ಇಬ್ಬರು. ಅಂಕಿ ನೋಡಿದೆ, ಸಹಿ ಹಾಕಿದೆ."

ವೆಂಟಿಲೇಟರ್ ಹೋದದ್ದು ಹದಿನೈದನೇ ಮಂಚಕ್ಕೆ.

"ಲಂಚಾನೇ ಸಾರ್. ಅಲ್ಲದಿದ್ರೆ ಇವತ್ತು ಅನ್ನ ಮುಟ್ಟಲ್ಲ," ಎಂದಳು ದೆಲ್ಫಿನಾ.

ಹದಿನೈದನೆಯವನು ಬಂದರಿನಲ್ಲಿ ಕಾಯಿಲೆಯಿಂದ ಬಿದ್ದಿದ್ದ ಒಬ್ಬ ಹಡಗಿನ ಕೂಲಿ. ಹೆಸರೂ ಗೊತ್ತಿಲ್ಲ, ಕೇಳುವವರೂ ಇಲ್ಲ.

"ಕಾಲಿಗೆ ಚಪ್ಪಲಿ ಸಹ ಇಲ್ಲ. ಲಂಚ ಯಾವುದರಲ್ಲಿ ಕೊಟ್ಟನಮ್ಮಾ?"

"ಸರಿ ಸಾರ್, ಅನ್ನ ಬಿಟ್ಟೆ. ನೂಡಲ್ಸ್ ತಿನ್ನಬಹುದಲ್ಲ?"

ವಾರ್ಡಿನ ಆಯಾಳನ್ನು ವಿಚಾರಿಸಿದಾಗ ಇನ್ನೊಂದು ಸಂಗತಿ ತಿಳಿಯಿತು. ವೆಂಟಿಲೇಟರ್ ಸಿಗುವ ಮೊದಲು ಹದಿನೈದನೆಯವನಿಗೆ ಚೀಲ ಒತ್ತಿದವಳು ಹೆಚ್ಚಾಗಿ ಹಿರಿಯ ನರ್ಸ್ ಲೊರೆತಾ ತಬನೇರಾ, ಕೆಲಸದ ವೇಳೆ ಮುಗಿದ ಮೇಲೂ. ಅಂಕಪಟ್ಟಿಯ ಕೆಳಗಿದ್ದ ಮೊಹರೂ ಅವಳದೇ.

ಮಾರ್ಚ್ ಹನ್ನೊಂದು, ಮಧ್ಯಾಹ್ನ 2.30. ಲೊರೆತಾಳ ವಿಚಾರಣೆ.

"ಇದು ನಿಮ್ಮ ಅಕ್ಷರಾನಾ, ಮನಾಂಗ್?" ಗುಂಬನ್ ಹಿರಿಯಕ್ಕನನ್ನು ಕರೆಯುವಂತೆ ಕೇಳಿದರು.

"ಹೌದು."

"ರಟ್ಟಲ್ಲಿ ನಲವತ್ತೈದು, ಇಲ್ಲಿ ಐದು. ಕಣ್ತಪ್ಪಾ?"

ಹೂಂ ಎಂದುಬಿಡಲಿ ಎಂದು ಗುಂಬನ್ ಅವರಿಗೆ ಒಂದು ಗಳಿಗೆ ಅನ್ನಿಸಿತು.

"ಅಲ್ಲ ಸಾರ್. ಬೇಕೆಂದೇ ಬರೆದೆ. ಏಳನೇ ಮಂಚದ ಸುತ್ತ ಆರು ಜನ. ಹದಿನೈದರವನಿಗೆ ಯಾರೂ ಇಲ್ಲ, ನಾನು ಎದ್ದು ಹೋದ್ರೆ ಅವನು ಸತ್ತ. ಕೈ ಇರೋರಿಗೆ ಕೈ, ಇಲ್ಲದವನಿಗೆ ವೆಂಟಿಲೇಟರ್, ಇಬ್ಬರೂ ಉಳೀತಾರೆ ಅಂದ್ಕೊಂಡೆ."

"ಡಾಕ್ಟರಿಗೆ ಹೇಳಬಹುದಿತ್ತು."

"ರೋಗಿಗೆ ಯಾರಿದ್ದಾರೆ ಅನ್ನೋದಕ್ಕೆ ಆ ಪಟ್ಟೀಲಿ ಕಲಂ ಇಲ್ಲ."

ಕಾನೂನಿಗೆ ಅಷ್ಟು ಸಾಕಾಗಿತ್ತು. ಗುಂಬನ್ ಇನ್ನೊಂದು ಪ್ರಶ್ನೆ ಕೇಳಿದರು.

"ಕೊನೇಲಿ ಮುದುಕನ ಕೈ ನಿಂತಿತ್ತಾ?"

"ಇಲ್ಲ. ನಾನು ಹಿಂದೇನೇ ನಿಂತಿದ್ದೆ. ಜಪಮಾಲೆಯ ಪ್ರಾರ್ಥನೆ ಹೇಳ್ಕೊಂಡು ಸರಿಯಾಗೇ ಒತ್ತುತಿದ್ರು. ಕೈಯಿಂದ ಹೋಗೋ ಗಾಳಿ ಆ ಅಮ್ಮನ ಶ್ವಾಸಕೋಶಕ್ಕೆ ಸಾಲಲಿಲ್ಲ. ಅದು ನನಗೆ ಮೊದಲೇ ಹೊಳೀಬೇಕಿತ್ತು." ಅವಳು ಸಮವಸ್ತ್ರದ ತೋಳಿನಿಂದಲೇ ಮುಖ ಒರೆಸಿಕೊಂಡಳು.

ಮಾರ್ಚ್ ಹದಿಮೂರು, 10.05ಕ್ಕೆ ವಾರಂಟಿನ ಮೇಲೆ ಬಂಧನವಾಯಿತು. ದಾಖಲೆ ತಿದ್ದಿದ್ದು, ಅದರಿಂದ ಸಾವು ಸಂಭವಿಸಿದ್ದು, ಎರಡು ಆರೋಪ. ಲೊರೆತಾ ಔಷಧದ ಬೀರುವಿನ ಕೀಲಿಯನ್ನು ಕಿರಿಯ ನರ್ಸಿಗೆ ಕೊಟ್ಟು, ಯಾವ ಮಂಚಕ್ಕೆ ಯಾವ ಹೊತ್ತಿಗೆ ಏನು ಎಂದು ಹೇಳಿ, ಮೆಟ್ಟಿಲಿಳಿದಳು. ಮೂವತ್ತೊಂದು ವರ್ಷದ ಕೆಲಸದಲ್ಲಿ ಅವಳ ಮೇಲೆ ಒಂದು ದೂರೂ ಇರಲಿಲ್ಲ.

ಅಂದು ಸಂಜೆ ಗುಂಬನ್ ತಾವೇ ಇಸಿದೋರೋನ ಮನೆಗೆ ಹೋಗಿ ಲೊರೆತಾಳ ಹೇಳಿಕೆಯಲ್ಲಿ ಅವನ ಕೈ ನಿಂತಿರಲಿಲ್ಲ ಎಂಬ ಭಾಗವನ್ನು ಓದಿದರು.

"ಇನ್ನೊಂದ್ಸಲ ಓದಿ ಸಾರ್."

ಓದಿದರು. ಮುದುಕ ಶಿಲುಬೆಯ ಗುರುತು ಮಾಡಿಕೊಂಡ.

"ಆ ಹದಿನೈದರವನು?"

"ಬದುಕಿದ."

"ಆ ನರ್ಸಮ್ಮ ನಮ್ಮನ್ನೇ ಒಂದು ಮಾತು ಕೇಳಬಹುದಿತ್ತು."

"ಕೇಳಿದ್ರೆ ಬಿಟ್ಟುಕೊಡ್ತಿದ್ರಾ, ಮನೋಂಗ್?"

ಇಸಿದೋರೋ ಅರ್ಧ ಹೆಣೆದ ಬಲೆಯನ್ನು ಮಡಿಲಿಂದ ಕೆಳಗಿಟ್ಟ.

"ಇಲ್ಲ ಸಾರ್. ಬಿಡ್ತಿರಲಿಲ್ಲ."

ಗುಂಬನ್ ಅದನ್ನು ಬರೆದುಕೊಳ್ಳಲಿಲ್ಲ.